ಟೆಲಿಫೋನ್ ಕಂಬದ ಹಾಯಿದೋಣಿ

ಫ್ರಾನ್ಸಿನ ಪಶ್ಚಿಮ ಕರಾವಳಿಯ ಲಾ ರೋಷೆಲ್ ಬಂದರಿಗೆ ಹೋದವರು ಅಲ್ಲಿನ ಕಡಲ ವಸ್ತುಸಂಗ್ರಹಾಲಯದ 'ಜೋಶುವಾ'ವನ್ನು ನೋಡದೆ ಮರಳಬಾರದು. 12 ಮೀಟರ್ ಉದ್ದದ ಈ ಕೆಂಪು ಹಾಯಿದೋಣಿ ಹುಟ್ಟಿದ್ದು 1962ರಲ್ಲಿ, ಸಮುದ್ರದಿಂದ ಬಲುದೂರದ ಶೋಫಾಯ್ ಎಂಬ ಊರಿನ ಬಾಯ್ಲರ್ ಕಾರ್ಖಾನೆಯಲ್ಲಿ! ಮೈಯೆಲ್ಲ ಉಕ್ಕು. ಕೈಯಲ್ಲಿ ಕಾಸಿಲ್ಲದ ನಾವಿಕ ಬರ್ನಾರ್ ಮ್ವಾತೆಸಿಯೆ ಹಾಯಿ ಕಟ್ಟಲು ಟೆಲಿಫೋನ್ ಕಂಬಗಳನ್ನೇ ನಿಲ್ಲಿಸಿದ. ನಾಜೂಕು ಕಡಿಮೆ, ನಿಜ. ಆದರೆ ಮುಂಬದಿಯಂತೆ ಹಿಂಬದಿಯೂ ಚೂಪು. ಬೆನ್ನಟ್ಟಿ ಬಂದ ಅಲೆ ಅಲ್ಲಿ ಸೀಳಿಹೋಗುತ್ತದೆ. ಒಳಗೆ ಬೆಚ್ಚಗೆ ಕುಳಿತೇ ಹೊರಗೆ ಕಣ್ಣಿಡಲು ಪುಟ್ಟ ಕಿಟಕಿಗಳ ಲೋಹದ ಗುಮ್ಮಟ.

1968ರಲ್ಲಿ ಒಂಟಿಯಾಗಿ ಲೋಕ ಸುತ್ತುವ ಪಂದ್ಯಕ್ಕೆ ಹೊರಟ ಆತ, ಬಹುಮಾನದ ಆಸೆ ಬಿಟ್ಟು, ಭೂಮಿಯನ್ನು ಒಂದೂವರೆ ಸುತ್ತು ಹಾಕಿ ತಾಹಿತಿ ಸೇರಿದ. 1982ರಲ್ಲಿ ಮೆಕ್ಸಿಕೋದ ಬಿರುಗಾಳಿಗೆ ಜೋಶುವಾ ದಡಕ್ಕಪ್ಪಳಿಸಿತು. ಕಂಬಗಳು ಹೋದವು, ಒಳಗೆಲ್ಲ ಮರಳು ತುಂಬಿತು; ಉಕ್ಕಿನ ಒಡಲು ಮಾತ್ರ ಉಳಿಯಿತು. 1990ರಲ್ಲಿ ಸಂಗ್ರಹಾಲಯ ಅದನ್ನು ಕೊಂಡು ರಿಪೇರಿ ಮಾಡಿಸಿತು. ಗಾಜಿನ ಪೆಟ್ಟಿಗೆಯ ವಸ್ತುವಲ್ಲ ಇದು. ಈಗಲೂ ಹಾಯಿ ಬಿಚ್ಚಿ ಕಡಲಿಗಿಳಿಯುತ್ತದೆ.