ಗಾಲಿಯ ಮನೆಯಲ್ಲಿ ಕೊನೆಯ ನಾಲ್ಕು ದಿನ

ಮನೆಯನ್ನೇ ಜೊತೆಗೆ ಕಟ್ಟಿಕೊಂಡು ಊರೂರು ತಿರುಗುವ ಬಾಳು ಕುರಿಗಾರರಿಗೂ ನಾಟಕ ಕಂಪನಿಯವರಿಗೂ ಮಾತ್ರ ಮೀಸಲೆಂದು ತಿಳಿದಿದ್ದ ನಾನು, ಅರವತ್ತಾರನೆಯ ವಯಸ್ಸಿನಲ್ಲಿ ಏಳು ವಾರ ಹಾಗೆಯೇ ಬದುಕಿ ಬಂದೆನೆಂದರೆ ನಮ್ಮ ಕಲಘಟಗಿಯ ನೆರೆಹೊರೆಯವರು ಇನ್ನೂ ನಂಬುವುದಿಲ್ಲ. 2023ರ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಗುಂಟ ಸಿಡ್ನಿಯಿಂದ ಉತ್ತರದ ಕೇರ್ನ್ಸ್ ನಗರದವರೆಗೆ ಹೋಗಿ, ಅದೇ ದಾರಿಯಿಂದ ಮರಳಿದೆವು. ಹೋಗಿ ಬರುವ ದಾರಿ ಎಲ್ಲ ಸೇರಿ ಸುಮಾರು 5,000 ಕಿಲೋಮೀಟರು. ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ನಮ್ಮ ಯಜಮಾನರು ಮತ್ತು ನಾನು. ಹೀಗೆ ಐವರಿಗೆ ಒಂದೇ ಕ್ಯಾರವಾನ್.

ಕ್ಯಾರವಾನ್ ಎಂದರೆ ವಾಹನದ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಗಾಲಿಯ ಮನೆ. ಇಪ್ಪತ್ತೊಂದು ಅಡಿ ಉದ್ದದ ಆ ಪೆಟ್ಟಿಗೆಯೊಳಗೆ ಒಲೆ, ಶೀತಕಪಾಟು, ಹಾಸಿಗೆ, ಬಚ್ಚಲು ಎಲ್ಲವೂ ಇದ್ದವು. ವಾಹನ ಓಡುವಾಗ ಅದರೊಳಗೆ ಯಾರೂ ಕುಳಿತಿರಬಾರದೆಂಬುದು ಅಲ್ಲಿಯ ಕಾನೂನು. ಆದ್ದರಿಂದ ಹಗಲು ಐವರೂ ಮುಂದಿನ ಕಾರಿನಲ್ಲಿ, ರಾತ್ರಿ ಐವರೂ ಹಿಂದಿನ ಮನೆಯಲ್ಲಿ. ಇದ್ದ ಎರಡು ನೀರಿನ ತೊಟ್ಟಿಗಳಲ್ಲಿ ತಲಾ 95 ಲೀಟರು ನೀರು. ಬಾವಿಯಿಂದ ನೀರು ಸೇದಿ ಬೆಳೆದ ನನಗೆ ನೀರನ್ನು ಅಳೆದು ಬಳಸುವುದು ಕಷ್ಟವಾಗಲಿಲ್ಲ. ಸೊಸೆಗೆ ಒಂದು ವಾರ ಹಿಡಿಯಿತು. ಅನಿಲದ ಒಲೆಯ ಮೇಲೆ ರೊಟ್ಟಿ ಸುಡುವಾಗ ಹೊಗೆಯ ಗಂಟೆ ಹೊಡೆದುಕೊಂಡು ಎಲ್ಲರನ್ನೂ ಎಬ್ಬಿಸಿದ್ದು ಬೇರೆಯ ಕಥೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಆ ದೇಶದಲ್ಲಿ ಒಂದೇ ಕಡೆ ಹತ್ತು ವರ್ಷ ದುಡಿದವರಿಗೆ ಸುಮಾರು ಎರಡು ತಿಂಗಳ ಸಂಬಳ ಸಹಿತ ರಜೆ ದೊರೆಯುತ್ತದೆ. ಮಗ ಆ ರಜೆಯನ್ನು ನಮಗಾಗಿಯೇ ಇಟ್ಟುಕೊಂಡಿದ್ದ. ಅವನ ಪ್ರೀತಿಯ ವಿಷಯದಲ್ಲಿ ನನಗೆ ಎಂದೂ ಸಂಶಯವಿರಲಿಲ್ಲ. ಸಂಶಯ ಇದ್ದುದು ಬೇರೊಂದು ವಿಷಯದಲ್ಲಿ.

ನಮ್ಮ ಯಜಮಾನರು ಸಾರಿಗೆ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದು 2012ರಲ್ಲಿ ನಿವೃತ್ತರಾದವರು. ಅವರ ಸೇವೆಯ ಬಹುಭಾಗ ಹುಬ್ಬಳ್ಳಿ–ಕಾರವಾರ ಮಾರ್ಗದಲ್ಲಿಯೇ ಕಳೆಯಿತು. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆ. ಆ ದಾರಿಯ ಒಂದೊಂದು ತಿರುವೂ ಅವರಿಗೆ ಬಾಯಿಪಾಠ. ಮಳೆಗಾಲದಲ್ಲಿ ಘಟ್ಟದ ಮೇಲೆ ಲಾರಿಗಳು ಅಡ್ಡ ನಿಂತಾಗ, ಕೆಳಗಿಳಿದು ಗಾಲಿಗೆ ಕಲ್ಲು ಕೊಟ್ಟು, ಪ್ರಪಾತದ ಅಂಚಿನಲ್ಲಿ ನಿಂತು ಬಸ್ಸನ್ನು ಹಿಂದೆ ಸರಿಸಿದ ಪ್ರಸಂಗಗಳು ಎಷ್ಟೋ. ಮಗ ಕಾಲೇಜು ಓದುವಾಗ ದಿನವೂ ಕಲಘಟಗಿಯಿಂದ ಹುಬ್ಬಳ್ಳಿಗೆ ಹೋಗುತ್ತಿದ್ದ. ತಂದೆಯ ಬಸ್ಸು ಬಂದರೆ ಅದನ್ನು ಬಿಟ್ಟು ಮುಂದಿನ ಬಸ್ಸಿಗೆ ಹತ್ತುತ್ತಿದ್ದ. ಈ ಸಂಗತಿ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮನೆಯಲ್ಲಿ ಯಾರೂ ಆ ಮಾತನ್ನು ಆಡಲಿಲ್ಲ.

ಮಗನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಕಾಯಕದ ಮಹಿಮೆಯನ್ನು ಸಭೆ ಸಮಾರಂಭಗಳಲ್ಲಿ ಕೊಂಡಾಡುವ ಸಮಾಜ ನಮ್ಮದು. ಆದರೆ ಮಗನಿಗೆ ಕನ್ಯೆ ನೋಡಲು ಹೊರಟ ವರ್ಷ, ಹುಡುಗನ ತಂದೆ ಏನು ಮಾಡುತ್ತಾರೆಂಬ ಪ್ರಶ್ನೆಗೆ 'ಕಂಡಕ್ಟರ್' ಎಂಬ ಉತ್ತರ ಕೇಳಿದೊಡನೆ ಎರಡು ಮನೆಗಳಲ್ಲಿ ಚಹದ ಬಟ್ಟಲು ಬರುವುದೇ ತಡವಾಯಿತು. ಮೂರನೆಯ ಮನೆಯಲ್ಲಿ ಆ ಪ್ರಶ್ನೆ ಬಂದಾಗ ಉತ್ತರ ಕೊಟ್ಟವಳು ನಾನು. "ಸಾರಿಗೆ ಇಲಾಖೆಯಲ್ಲಿ ಇದ್ದಾರೆ" ಎಂದುಬಿಟ್ಟೆ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಸತ್ಯ ನುಡಿಯಬೇಕೆಂದು ಪಾಠ ಹೇಳಿದ ಬಾಯಿ ಇದು. ಪಕ್ಕದಲ್ಲಿಯೇ ಕುಳಿತಿದ್ದ ಅವರು ತಮ್ಮ ಬಟ್ಟಲಿನ ಕಡೆಗೆ ನೋಡುತ್ತಿದ್ದರು. ಅಂದಿನಿಂದ ಮಗನೂ ಅದೇ ಮಾತನ್ನು ಕಲಿತ.

ಪ್ರವಾಸದ ಕೊನೆಯ ನಾಲ್ಕು ದಿನಗಳ ಮಾತಿಗೆ ಬರುತ್ತೇನೆ. ಮೊದಲ ದಿನ ವುಲ್‌ಗೂಲ್ಗಾ ಎಂಬ ಸಣ್ಣ ಊರಿನಲ್ಲಿ ತಂಗಿದೆವು. ಬಾಳೆಯ ತೋಟಗಳಲ್ಲಿ ದುಡಿಯಲು ಬಂದ ಪಂಜಾಬಿನ ಸಿಖ್ ಕುಟುಂಬಗಳು ಅಲ್ಲಿ ನೆಲೆನಿಂತಿವೆ. ಆಸ್ಟ್ರೇಲಿಯಾದ ಮೊದಲ ಗುರುದ್ವಾರ 1968ರಲ್ಲಿ ತೆರೆದದ್ದು ಇದೇ ಊರಿನಲ್ಲಿ. ಈಗ ಬಾಳೆಯ ಜಾಗದಲ್ಲಿ ಬಹುಮಟ್ಟಿಗೆ ನೀಲಿ ಬೆರ್ರಿ ಹಣ್ಣಿನ ತೋಟಗಳು ಬಂದಿವೆ. ಬಿಳಿ ಗುಮ್ಮಟದ ಗುರುದ್ವಾರದಲ್ಲಿ ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಬಿಸಿ ರೊಟ್ಟಿ, ದಾಲ್ ಊಟ ಮಾಡಿದಾಗ ಊರಿನ ಜಾತ್ರೆಯ ದಾಸೋಹವೇ ನೆನಪಾಯಿತು. ಅಲ್ಲಿಯ ಹಿರಿಯರೊಬ್ಬರು ನಮ್ಮವರನ್ನು ಹಿಂದಿಯಲ್ಲಿ ಮಾತಿಗೆಳೆದು, ಊರಿನಲ್ಲಿ ಏನು ಕೆಲಸ ಮಾಡಿಕೊಂಡಿದ್ದಿರೆಂದು ಕೇಳಿದರು. ಇವರು ಬಾಯಿ ತೆರೆಯುವಷ್ಟರಲ್ಲಿ ಮಗ, "ಸಾರಿಗೆ ಇಲಾಖೆಯಲ್ಲಿದ್ದರು" ಎಂದ. ಆ ಹಿರಿಯರು ಗೌರವದಿಂದ ತಲೆಯಾಡಿಸಿದರು. ನಮ್ಮವರು ಎದ್ದು ಹೋಗಿ ತಮ್ಮ ತಟ್ಟೆಯ ಜೊತೆಗೆ ಅವರ ತಟ್ಟೆಯನ್ನೂ ತೊಳೆದಿಟ್ಟು ಬಂದರು.

ಮರುದಿನ ಕಾಫ್ಸ್ ಹಾರ್ಬರಿನಲ್ಲಿ 1964ರಲ್ಲಿ ನಿಲ್ಲಿಸಿದ ಬೃಹದಾಕಾರದ ಕಾಂಕ್ರೀಟ್ ಬಾಳೆಹಣ್ಣಿನ ಮುಂದೆ ಮೊಮ್ಮಗಳ ಒತ್ತಾಯಕ್ಕೆ ಚಿತ್ರ ತೆಗೆಸಿಕೊಂಡು ಮುಂದೆ ಸಾಗಿದೆವು. ಪೆಸಿಫಿಕ್ ಹೆದ್ದಾರಿ ಈಗ ಬಹಳ ಚೆನ್ನಾಗಿದೆ. ನ್ಯೂಕ್ಯಾಸಲ್ ಸಮೀಪದಿಂದ ಕ್ವೀನ್ಸ್‌ಲ್ಯಾಂಡ್ ಗಡಿಯವರೆಗೆ ಅದನ್ನು ಜೋಡಿ ರಸ್ತೆಯಾಗಿಸುವ ಕೆಲಸ 2020ರ ಕೊನೆಗೆ ಪೂರ್ಣಗೊಂಡಿತಂತೆ. ಹಿಂದಿನ ಸೀಟಿನಲ್ಲಿ ಕುಳಿತ ನಮ್ಮವರು ಪ್ರತಿಸಲವೂ ವಾಹನ ಹೊರಡುವ ಮುನ್ನ ಬೆರಳೆತ್ತಿ ನಮ್ಮನ್ನೆಲ್ಲ ಎಣಿಸುತ್ತಿದ್ದರು. ಇದ್ದವರೇ ಐದು ಜನ! ಆದರೂ ಎಣಿಸದೆ ಅವರಿಗೆ ಸಮಾಧಾನವಿಲ್ಲ.

ಪೋರ್ಟ್ ಮೆಕ್ವಾರಿ ತಲುಪಿದಾಗ ಸಂಜೆಯಾಗಿತ್ತು. ಶಾಲೆಗಳಿಗೆ ರಜೆ ಆರಂಭವಾಗಿದ್ದರಿಂದ ಸಮುದ್ರದಂಡೆಯ ಕ್ಯಾರವಾನ್ ತಾಣ ಕಿಕ್ಕಿರಿದಿತ್ತು. ನಮಗೆ ದೊರೆತ ಜಾಗ ಒಂದು ಮರಕ್ಕೂ ಇನ್ನೊಬ್ಬರ ಕ್ಯಾರವಾನಿಗೂ ನಡುವಿನ ಇಕ್ಕಟ್ಟು. ಕೊಂಡಿ ಹಾಕಿದ ಗಾಡಿಯನ್ನು ಹಿಂದಕ್ಕೆ ಒಯ್ಯುವುದು ಒಂದು ವಿಚಿತ್ರ ವಿದ್ಯೆ. ಹಿಂದಿನ ಗಾಡಿ ಬಲಕ್ಕೆ ಹೋಗಬೇಕಾದರೆ ಮುಂದಿನ ಚಕ್ರವನ್ನು ಎಡಕ್ಕೆ ತಿರುಗಿಸಬೇಕು. ತುಸು ಹೆಚ್ಚಾದರೆ ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಮಗ ಆರು ವಾರಗಳಲ್ಲಿ ಒಂದಿಷ್ಟು ಕಲಿತಿದ್ದನಾದರೂ ಅಂದು ಕೈ ಕೊಟ್ಟಿತು. ಸೊಸೆ ಹಿಂದೆ ನಿಂತು ಮೊಬೈಲಿನಲ್ಲಿ ದಾರಿ ಹೇಳುತ್ತಿದ್ದಳು. ಐದು ಸಲ ಒಳಗೆ, ಐದು ಸಲ ಹೊರಗೆ. ಸುತ್ತಲಿನವರು ತಮ್ಮ ತಮ್ಮ ಕುರ್ಚಿಗಳಲ್ಲಿ ಕುಳಿತು ನೋಡತೊಡಗಿದರು. ಅಲ್ಲಿ ಇದೊಂದು ಸಂಜೆಯ ವಿನೋದ. ಹಸಿದ ಮೊಮ್ಮಗಳು ಅಳತೊಡಗಿದಳು.

ನಮ್ಮವರು ಬಾಗಿಲು ತೆರೆದರು.

"ನೀವು ಕೂಡ್ರಿ ಅಪ್ಪಾ, ನಾ ಮಾಡ್ತೀನಿ" ಎಂದ ಮಗ. ಆರು ವಾರಗಳಿಂದ ಪ್ರತಿ ತಾಣದಲ್ಲಿಯೂ ಅವನು ಆಡಿದ ಮಾತು ಅದೇ. ಇವರೂ ಪ್ರತಿಸಲ ಕುಳಿತೇ ಇದ್ದರು. ಅಂದು ಮಾತ್ರ ಉತ್ತರ ಕೊಡದೆ ಇಳಿದು ಹಿಂದಕ್ಕೆ ನಡೆದರು. ಮರವನ್ನೊಮ್ಮೆ, ನೆರೆಯ ಗಾಡಿಯನ್ನೊಮ್ಮೆ ನೋಡಿ, ಚಾಲಕನ ಕನ್ನಡಿಯಲ್ಲಿ ತಾವು ಕಾಣುವಂತೆ ನಿಂತು, ಕ್ಯಾರವಾನಿನ ಮೈಗೆ ಎರಡು ಸಲ ಅಂಗೈಯಿಂದ ಬಡಿದರು.

"ಹೂಂ, ಬರ್ಲಿ... ಬರ್ಲಿ... ರೈಟ್... ರೈಟ್..."

ಹತ್ತು ವರ್ಷಗಳಿಂದ ನಾನು ಕೇಳದಿದ್ದ ದನಿ ಅದು. ಬಸ್ ನಿಲ್ದಾಣದ ಗದ್ದಲವನ್ನು ಸೀಳಿಕೊಂಡು ಬರುವ ದನಿ. ಗಾಡಿ ನಿಧಾನವಾಗಿ ಎಡಕ್ಕೆ ಹೊರಳುತ್ತ ಹಿಂದೆ ಬರುತ್ತಿತ್ತು. ಇವರು 'ರೈಟ್, ರೈಟ್' ಎನ್ನುತ್ತಲೇ ಇದ್ದರು. ನೆರೆಯ ಕ್ಯಾರವಾನಿನ ಮುದುಕರು ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದರು. ಬಲಕ್ಕೆ ಎನ್ನುವವನ ಮಾತಿಗೆ ಗಾಡಿ ಎಡಕ್ಕೆ ಬರುತ್ತಿದೆಯಲ್ಲ ಎಂಬ ಚಿಂತೆ ಅವರಿಗೆ. ಆದರೆ ಚಾಲಕನ ಸ್ಥಾನದಲ್ಲಿದ್ದವನಿಗೆ ಗೊಂದಲವಾಗಲಿಲ್ಲ. ಜಗತ್ತಿಗೆಲ್ಲ ರೈಟ್ ಎಂದರೆ ಬಲಗಡೆ. ಕಂಡಕ್ಟರನ ಮಗನಿಗೆ ಮಾತ್ರ ರೈಟ್ ಎಂದರೆ 'ಹೋಗಲಿ'.

"ಹೋಲ್ಡಾನ್!"

ಗಾಡಿ ನಿಂತಿತು. ಮರಕ್ಕೆ ಒಂದು ಮೊಳ, ನೆರೆಯವರಿಗೆ ಒಂದೂವರೆ ಮೊಳ. ಇವರು ಬಗ್ಗಿ ಗಾಲಿಗಳಿಗೆ ಆಪು ಕೊಟ್ಟು ಕೈ ಕೊಡವಿಕೊಂಡರು. ಸುತ್ತ ಕುಳಿತವರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು.

ಆ ಮುದುಕರು ನಗುತ್ತ ಬಂದು, ಎಡಕ್ಕೆ ಬರುವ ಗಾಡಿಗೆ 'ರೈಟ್' ಎಂದು ಹೇಳುವ ಈ ಪದ್ಧತಿ ಯಾವುದೆಂದು ಮಗನನ್ನು ಕೇಳಿದರು. ಮಗ ಒಂದು ಕ್ಷಣ ಸುಮ್ಮನಿದ್ದ. ಮೆಟ್ಟಿಲ ಮೇಲೆ ನಿಂತಿದ್ದ ನಾನು ಮುಂದಿನ ಮಾತನ್ನು ಬಲ್ಲೆನೆಂದೇ ತಿಳಿದಿದ್ದೆ. ಅವನು ಇಂಗ್ಲಿಷಿನಲ್ಲಿ, "ನನ್ನ ತಂದೆ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದರು. ನಮ್ಮ ಬಸ್ಸುಗಳಲ್ಲಿ ರೈಟ್ ಎಂದರೆ ಹೊರಡು ಎಂದರ್ಥ" ಎಂದ. ಮುದುಕರು ನಮ್ಮವರ ಕೈಯನ್ನು ಹಿಡಿದು ಬಹಳ ಹೊತ್ತು ಕುಲುಕಿದರು. ಅವರು ಮೆಲ್ಬರ್ನ್ ನಗರದವರು. ಅಲ್ಲಿಯ ಟ್ರಾಮುಗಳಲ್ಲಿ ಕಂಡಕ್ಟರುಗಳಿದ್ದರಂತೆ. 1998ರ ಹೊತ್ತಿಗೆ ಅವರನ್ನೆಲ್ಲ ತೆಗೆದು ಯಂತ್ರಗಳನ್ನು ಇಟ್ಟರಂತೆ. ಯಂತ್ರ ಯಾರನ್ನೂ ಮಾತನಾಡಿಸುವುದಿಲ್ಲವೆಂದು ಆ ಮುದುಕರ ದೂರು. ನಮ್ಮವರಿಗೆ ಇಂಗ್ಲಿಷ್ ಅರ್ಧ ಅರ್ಥವಾಯಿತೋ ಇಲ್ಲವೋ. 'ಕಂಡಕ್ಟರ್' ಎಂಬ ಮಾತಂತೂ ಅರ್ಥವಾಗಿತ್ತು.

ರಾತ್ರಿ ಊಟದಲ್ಲಿ ಯಾರೂ ಈ ವಿಷಯ ಎತ್ತಲಿಲ್ಲ. ನಾನು ಒಂದೇ ಮಾತು ಕೇಳಿದೆ: "ಗಾಡಿ ತಿರುಗಿಸೋ ಆ ಉಲ್ಟಾ ಲೆಕ್ಕ ನಿಮಗ ಯಾವಾಗ ತಿಳೀತು?" "ಮೊದಲನೇ ವಾರದಾಗ" ಎಂದರು. ಮಗ ತಟ್ಟೆ ನೋಡುತ್ತ ಊಟ ಮಾಡುತ್ತಿದ್ದ.

ಮೂರನೆಯ ದಿನ ಅಲ್ಲಿಯೇ ಉಳಿದೆವು. ನದಿಯು ಸಮುದ್ರ ಸೇರುವಲ್ಲಿ ಬಂಡೆಗಳನ್ನು ಪೇರಿಸಿ ಕಟ್ಟಿದ ಉದ್ದನೆಯ ಒಡ್ಡು ಇದೆ. ಬಂದ ಪ್ರವಾಸಿಗರು ಆ ಬಂಡೆಗಳಿಗೆ ಬಣ್ಣ ಬಳಿದು ತಮ್ಮ ಹೆಸರು, ಮದುವೆಯ ದಿನ, ಅಗಲಿದವರ ನೆನಪು ಬರೆದಿದ್ದಾರೆ. ಮೊಮ್ಮಗಳಿಗೂ ಬರೆಯುವ ಹಟ. ಸೊಸೆ ಅಂಗಡಿಯಿಂದ ಬಣ್ಣ ತಂದಳು. ಬಣ್ಣ ಪೂರ್ತಿ ಮಾಸಿದ ಒಂದು ಕಲ್ಲನ್ನು ಹುಡುಕಿ ಹುಡುಗಿ ಕೆಂಪು ಬಸ್ಸೊಂದನ್ನು ಬರೆದಳು. ನೋಡಿದರೆ ಬಸ್ಸಿಗಿಂತ ಇಟ್ಟಿಗೆಯ ಹೋಲಿಕೆಯೇ ಹೆಚ್ಚು. "ಅಜ್ಜಾ, ನಿನ್ನ ಬಸ್ಸಿನ ಹೆಸರೇನು?" ಎಂದಳು. ಬಸ್ಸಿಗೆ ಹೆಸರಿರುವುದಿಲ್ಲ, ಬೋರ್ಡು ಇರುತ್ತದೆ ಎಂದು ಇವರು ವಿವರಿಸುತ್ತಿರುವಾಗ ಮಗ ಅವಳ ಕೈಯಿಂದ ಕುಂಚ ತೆಗೆದುಕೊಂಡು, ಬಂಡೆಯ ಮೇಲೆ ಮೊಣಕಾಲೂರಿ ಬರೆಯತೊಡಗಿದ: 'ಹುಬ್ಬಳ್ಳಿ – ಯಲ್ಲಾಪುರ – ಕಾರವಾರ'. ಕನ್ನಡ ಬರೆಯದೆ ಎಷ್ಟು ವರ್ಷವಾಗಿತ್ತೋ, ಹುಬ್ಬಳ್ಳಿಯ ಒತ್ತಕ್ಷರದಲ್ಲಿ ತಡವರಿಸಿದ. "ಳಕ್ಕ ಳ ಒತ್ತು, ತಮ್ಮಾ" ಎಂದರು ಇವರು. ತಿದ್ದಿದ.

"ಕಲಘಟಗಿ ಬರೀಲಿಲ್ಲಲ್ಲೋ?" ಎಂದೆ ನಾನು.

"ಬೋರ್ಡಿನ್ಯಾಗ ಇರತಿರಲಿಲ್ಲ ಅವ್ವಾ" ಎಂದ. ನಿಜ, ಇರುತ್ತಿರಲಿಲ್ಲ. ಆ ಬೋರ್ಡನ್ನು ಅವನು ಅಷ್ಟು ಗಮನವಿಟ್ಟು ನೋಡಿದ್ದನೆಂಬುದು ನನಗೆ ಅಂದೇ ತಿಳಿದದ್ದು.

ಸಂಜೆ 1879ರಲ್ಲಿ ಕಟ್ಟಿದ ಟ್ಯಾಕಿಂಗ್ ಪಾಯಿಂಟ್ ದೀಪಸ್ತಂಭದ ಬಳಿ ಹೋದೆವು. ಸೆಪ್ಟೆಂಬರಿನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಉತ್ತರದ ಬೆಚ್ಚನೆಯ ನೀರಿನಲ್ಲಿ ಹೆತ್ತ ಮರಿಗಳನ್ನು ಜೊತೆಗಿಟ್ಟುಕೊಂಡು ದಕ್ಷಿಣದ ಹಿಮಸಾಗರಕ್ಕೆ ಮರಳುತ್ತವೆ. 1960ರ ದಶಕದ ಆರಂಭದಲ್ಲಿ ಬೇಟೆಯಿಂದಾಗಿ ಈ ಕರಾವಳಿಯಲ್ಲಿ ಕೆಲವೇ ನೂರು ಉಳಿದಿದ್ದವು. ಈಗ ಹಲವು ಸಾವಿರವಾಗಿವೆ. 2022ರಲ್ಲಿ ಆಸ್ಟ್ರೇಲಿಯಾ ಸರಕಾರ ಅವುಗಳನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಿಂದ ತೆಗೆದಿದೆ. ದೂರದಲ್ಲಿ ಎರಡು ಉಸಿರಿನ ಕಾರಂಜಿಗಳು ಕಂಡವು, ಒಂದು ದೊಡ್ಡದು, ಒಂದು ಸಣ್ಣದು. ತಂದೆ ಮಗ ಇಬ್ಬರೂ ಕಟಾಂಜನ ಹಿಡಿದು ಬಹಳ ಹೊತ್ತು ನಿಂತಿದ್ದರು. ಏನು ಮಾತನಾಡಿದರೆಂದು ನಾನು ಕೇಳಲಿಲ್ಲ. ಅಂದು ರಾತ್ರಿ ಮಲಗುವ ಮುನ್ನ, ಸೊಸೆಯ ತವರಿನಲ್ಲಿ ಅಂದು ನಾನು ಆಡಿದ ಮಾತಿಗಾಗಿ ಅವರ ಕ್ಷಮೆ ಕೇಳಿದೆ. ತೆಳ್ಳನೆಯ ಗೋಡೆಯಾದ್ದರಿಂದ ಪಿಸುಮಾತಿನಲ್ಲಿಯೇ ಕೇಳಬೇಕಾಯಿತು. "ಮಲಕ್ಕೋ, ನಾಳೆ ಲಗೂನ ಏಳಬೇಕು" ಎಂದರು.

ನಾಲ್ಕನೆಯ ದಿನ ಸುಮಾರು 390 ಕಿಲೋಮೀಟರು ಓಡಿ ಸಿಡ್ನಿ. ದಾರಿಯಲ್ಲಿ ನ್ಯೂಕ್ಯಾಸಲ್ ಬಂದರಿನ ಹೊರಗೆ ಕಲ್ಲಿದ್ದಲು ತುಂಬಿಸಿಕೊಳ್ಳಲು ಕಾದು ನಿಂತ ಹಡಗುಗಳನ್ನು ಮೊಮ್ಮಗಳು ಎಣಿಸಿದಳು. ಕ್ಯಾರವಾನಿನ ಒಡೆಯರ ಅಂಗಳದಲ್ಲಿ ಅದನ್ನು ತೊಳೆದು, ತೊಟ್ಟಿ ಬರಿದು ಮಾಡಿ, ಡಬ್ಬಿ ಚೀಲಗಳನ್ನು ಇಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಎಲ್ಲ ಮುಗಿದ ಮೇಲೆ ನಮ್ಮವರು ಒಬ್ಬರೇ ಮತ್ತೆ ಒಳಗೆ ಹೋದರು. ಡಿಪೋಕ್ಕೆ ಬಸ್ಸು ಒಪ್ಪಿಸುವ ಮೊದಲು ಮಾಡುತ್ತಿದ್ದಂತೆ ಒಂದೊಂದು ಆಸನದ ಅಡಿಯೂ ಬಗ್ಗಿ ನೋಡುತ್ತ ಹಿಂದಿನಿಂದ ಮುಂದಕ್ಕೆ ಬಂದರು. ಮೊಮ್ಮಗಳ ಒಂದು ಕಾಲುಚೀಲ, ನನ್ನ ಕಳೆದುಹೋಗಿದ್ದ ಹೆಣಿಕೆಯ ಸೂಜಿ, ಇಪ್ಪತ್ತು ಸೆಂಟಿನ ಒಂದು ನಾಣ್ಯ ದೊರೆತವು.

"ಚಿಲ್ಲರೆ ತಗೋ ತಮ್ಮಾ" ಎಂದು ನಾಣ್ಯವನ್ನು ಮಗನ ಅಂಗೈಯಲ್ಲಿಟ್ಟರು.

ಮಗ ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಕಾರಿನ ಚಕ್ರದ ಮುಂದೆ ಕುಳಿತ. ನಾವೂ ಹತ್ತಿದೆವು. ಅವನು ಕಾರನ್ನು ಚಾಲೂ ಮಾಡಿ, ಹೊರಡದೆ, ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತ ಕಾದ. ನಮ್ಮವರು ಬೆರಳೆತ್ತಿ ಐವರನ್ನೂ ಎಣಿಸಿ, "ರೈಟ್" ಎಂದರು.