ಅಜ್ಜಿಯ ದನಿಗೊಂದು ಕ್ಯಾಮ್‌ಕಾರ್ಡರ್

ಹೋದ ಈಸ್ಟರ್‌ಗೆ ಅಕ್ಕಲಕೋಟೆಯ ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಮಾಡಿದ ಪ್ರಾರ್ಥನೆಯನ್ನು ಎರವಲು ಕ್ಯಾಮ್‌ಕಾರ್ಡರ್‌ನಲ್ಲಿ ಹಿಡಿದಿದ್ದೆವು. ಟಿವಿಗೆ ಹಚ್ಚಿ ನೋಡಿದರೆ ಕೇಳಿದ್ದು ಫ್ಯಾನಿನ ಗರಗರ ಮಾತ್ರ. ಮರಾಠಿ ಶಾಲೆಗೆ ಹೋಗುವ ನಮ್ಮ ಮನೆಯ ಚಿಕ್ಕವರಿಗೆ ಆ ಕನ್ನಡ ಇನ್ನೆಲ್ಲಿ ಸಿಗಬೇಕು?

ಅದಕ್ಕೇ ಸ್ವಂತದ್ದೊಂದು ಕೊಳ್ಳಲು ಸೋಲಾಪುರದ ನವೀ ಪೇಠಕ್ಕೆ ಹೋದೆವು. ಅಂಗಡಿಯವರು ಮೊದಲು ತೋರಿಸಿದ್ದು ಡಬ್ಬಿಯ ಮೇಲಿನ ದೊಡ್ಡ ಜೂಮ್ ಅಂಕಿ. ಡಿಜಿಟಲ್ ಜೂಮ್ ಅಂದರೆ ಇದ್ದ ಚಿತ್ರವನ್ನೇ ಹಿಗ್ಗಿಸುವುದು; ಮುಖ ಮಸುಕಾಗುತ್ತದೆ. ಲೆನ್ಸಿನಿಂದಲೇ ಹತ್ತಿರ ತರುವ ಆಪ್ಟಿಕಲ್ ಜೂಮ್ 10 ಪಟ್ಟು ಇದ್ದರೆ ನಮಗೆ ಧಾರಾಳ.

ಹೊರಗಿನ ಮೈಕ್ ಸಿಕ್ಕಿಸಲು ಜಾಗ ಇದೆಯೇ ಎಂದು ಕೇಳಿದೆವು. ಅಗ್ಗದ ಎರಡರಲ್ಲಿ ಇರಲಿಲ್ಲ. ಮೂರನೆಯದರಲ್ಲಿ ಇತ್ತು, ಬೆಲೆಯೂ ಹೆಚ್ಚಿತ್ತು. ಕಾಲರ್ ಮೈಕನ್ನು ಸೆರಗಿಗೆ ಸಿಕ್ಕಿಸಿದರೆ ಬಾಯಿಗೆ ಹತ್ತಿರ, ಫ್ಯಾನಿಗೆ ದೂರ. ಮಂದ ಬೆಳಕಿನಲ್ಲಿ ಚಿತ್ರವೆಲ್ಲ ಕಾಳುಕಾಳಾಗಿ ಕಂಡಿತು, ನಿಜ. ಕಿಟಕಿಯ ಪಕ್ಕ ಕೂರಿಸಿದರಾಯಿತು! ಚೀಲ, ಸ್ಟ್ಯಾಂಡು ಬೇಡವೆಂದು ಬಿಟ್ಟು ಅದನ್ನೇ ತಂದೆವು.

ಭಾನುವಾರ ಆರಾಧನೆ ಮುಗಿಸಿ ಬಂದು ಅಜ್ಜಿಯ ಮುಂದೆ ಹಿಡಿದೆವು.

“ನನ್ನ ಮಾರಿ ಏನ್ ಹಿಡೀತೀರೋ, ಮೊದ್ಲ ಆ ಫ್ಯಾನ್ ಬಂದ್ ಮಾಡ್ರಿ” ಎಂದರು.