ನಮ್ಮ ಕೆಫೆಯ ರಾತ್ರಿಯೂಟ: ಕೊಟ್ಟ ದುಡ್ಡಿಗೆ ಸರಿಯಾ?

ಮಾಟುಂಗಾದಲ್ಲಿ ನಮ್ಮ ಬಿಲ್ಡಿಂಗಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಕೆಫೆ ಉಂಟು. ಹೆಸರು ಬೇಡ, ಇಲ್ಲಿ ಹೊಗಳಿಕೆಯೂ ಉಂಟು, ತಕರಾರೂ ಉಂಟು. ನಾನು ಕಂಡಾಗಿನಿಂದ ಅದರ ಕ್ರಮ ಒಂದೇ. ಬೆಳಿಗ್ಗೆ ಇಡ್ಲಿ-ದೋಸೆ, ಮಧ್ಯಾಹ್ನ ರೈಸ್ ಪ್ಲೇಟು, ಸಂಜೆ ಕಾಫಿ-ಬೋಂಡಾ. ಏಳು ಗಂಟೆಗೆ ಹುಡುಗ ಬಕೆಟ್ಟು, ಪೊರಕೆ ಹಿಡಿದು ಬಂದು ನಿಮ್ಮ ಕಾಲ ಬುಡದಲ್ಲೇ ನೀರು ಚೆಲ್ಲಿದನೆಂದರೆ ಎದ್ದು ಹೋಗಿ ಎಂದರ್ಥ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ನಾವೂ ಬೇಜಾರು ಮಾಡಿಕೊಂಡವರಲ್ಲ.

ಈ ವರ್ಷ ಅಲ್ಲಿ ಒಂದು ಬ್ಯಾನರ್ ಬಿತ್ತು: 'ಇನ್ನು ಮುಂದೆ ರಾತ್ರಿ 7ರಿಂದ 11ರ ವರೆಗೆ ಡಿನ್ನರ್.' ಅದರ ಫೋಟೋ ನಮ್ಮ ವಾಟ್ಸಾಪ್ ಬಳಗದಲ್ಲಿ ಹರಿದಾಡಿ, ಎಲ್ಲರೂ ನನ್ನನ್ನೇ ಕೇಳತೊಡಗಿದರು. "ನಿಮ್ಮ ಮನೆ ಹತ್ತಿರ ಅಲ್ವಾ? ಹೇಗುಂಟು? ಕೊಟ್ಟ ದುಡ್ಡಿಗೆ ಮೋಸ ಇಲ್ಲ ತಾನೇ?" ಬ್ಯಾಂಕಿನಲ್ಲಿ 38 ವರ್ಷ ಲೆಕ್ಕ ಬರೆದವನಿಗೆ ಇಂಥ ಪ್ರಶ್ನೆ ಕೇಳಿದರೆ ಬಿಡುತ್ತಾನೆಯೇ? ಲೆಕ್ಕ ಹಾಕಿಯೇ ಹಾಕಿದೆ. ಆದರೆ ಲೆಕ್ಕ ಎಲ್ಲೆಲ್ಲಿಗೋ ಹೋಯಿತು, ಅದನ್ನೇ ಹೇಳಲು ಹೊರಟಿದ್ದೇನೆ.

ಮೊದಲು ಸ್ವಲ್ಪ ಹಿಂದಿನ ಕಥೆ. ನಾನು ಮುಂಬಯಿಗೆ ಬಂದದ್ದು 1979ರಲ್ಲಿ. ವಡಾಲದ ಒಂದು ಕೋಣೆಯಲ್ಲಿ ನಾವು ಆರು ಜನ. ಸ್ಟವ್ ಹಚ್ಚಿದರೆ ಕೋಣೆಯ ಮಾಲಕಿ ಓಡಿಸುತ್ತಿದ್ದಳು, ಹಾಗಾಗಿ ಊಟಕ್ಕೆ ಬೋರ್ಡಿಂಗೇ ಗತಿ. ಮಾಟುಂಗಾ ಅಂದರೆ ಆಗಲೇ ಊಟದ ಊರು. ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು, ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸ್ ಅದಕ್ಕಿಂತ ಎರಡು ವರ್ಷ ಹಿಂದಿನದ್ದು. ಊರಿನಿಂದ ಬಂದ ಹುಡುಗರಿಗೆ ಅನ್ನ-ಸಾರು ಬಡಿಸುತ್ತಲೇ ಬೆಳೆದ ಜಾಗ ಇದು. ನಾನು ಉಣ್ಣುತ್ತಿದ್ದದ್ದು ಒಂದು ಸಣ್ಣ ಬೋರ್ಡಿಂಗಿನಲ್ಲಿ, ತಿಂಗಳ ಕೂಪನ್ ಪುಸ್ತಕ ತೆಗೆದುಕೊಂಡು. ಪುಸ್ತಕಕ್ಕೆ ದುಡ್ಡು ಮೊದಲೇ ಕಟ್ಟಬೇಕು. ನನ್ನ ಕೈಯಲ್ಲಿ ಮೊದಲ ಸಂಬಳವೇ ಬಂದಿರಲಿಲ್ಲ. ಆಗ ಜಾಮೀನು ನಿಂತವರು ನಮ್ಮ ಮಾಷ್ಟ್ರು.

ಮಾಷ್ಟ್ರು ಹಗಲು ಕನ್ನಡ ಶಾಲೆಯಲ್ಲಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ರಾತ್ರಿ ಶಾಲೆಯ ಬೆಂಚಿನಲ್ಲಿ ಕೂರುತ್ತಿದ್ದವರಲ್ಲಿ ಹೆಚ್ಚಿನವರು ಹೊಟೇಲಿನ ಹುಡುಗರು. ಹಗಲಿಡೀ ಕಪ್ಪು ತೊಳೆದು ಕೈಬೆರಳು ಬೆಳ್ಳಗಾಗಿ ಸುಕ್ಕುಗಟ್ಟಿರುತ್ತಿತ್ತಂತೆ, ಪೆನ್ಸಿಲ್ ಜಾರುತ್ತಿತ್ತಂತೆ. ಅವರಲ್ಲಿ ಕೆಲವರು ಮುಂದೆ ಹೊಟೇಲು ಮಾಡಿದರು, ಕೆಲವರು ಬ್ಯಾಂಕು ಸೇರಿದರು, ಕೆಲವರು ಸಪ್ಲಾಯರ್ ಆಗಿಯೇ ಉಳಿದರು. ನಮ್ಮ ಕೆಫೆಯ ಹಳೇ ಸಪ್ಲಾಯರ್ ಒಬ್ಬರು ಈ ಮೂರನೆಯ ಗುಂಪಿನವರು.

ಇರಲಿ, ಬಿಲ್ಲಿಗೆ ಬರೋಣ.

ಮೊದಲ ಸಲ ಹೋದದ್ದು ಸಂಸಾರ ಸಮೇತ. ನಾನು, ಮನೆಯವಳು, ಮಗ, ಸೊಸೆ, ನಾಲ್ವರ ಟೇಬಲ್ಲಿಗೆ ಒಂದು ಕುರ್ಚಿ ಎಳೆದುಕೊಂಡು ಮೊಮ್ಮಗ. ಒಳಗೆ ಹೋದರೆ ಗುರುತೇ ಸಿಗಲಿಲ್ಲ! ಟ್ಯೂಬ್ ಲೈಟಿನ ಜಾಗದಲ್ಲಿ ಹಳದಿ ದೀಪ, ಎ.ಸಿ., ಸ್ಟೀಲ್ ಲೋಟದ ಬದಲು ಗಾಜಿನ ಲೋಟ. ಮೂರು ಥಾಲಿ, ತಲಾ 340ರಂತೆ 1,020. ಸೊಸೆಗೆ ಪನೀರ್ ಘೀ ರೋಸ್ಟ್ 310, ಅದರ ಜೊತೆ ನೀರುದೋಸೆ 120. ಮೊಮ್ಮಗನಿಗೆ ಚೀಸ್ ದೋಸೆ 180. ನಿಂಬೆ ಶರಬತ್ತು ಎರಡು, 180. ಬಾಟಲಿ ನೀರು 40. ಒಟ್ಟು 1,850. ಶೇಕಡಾ 5 ಜಿ.ಎಸ್.ಟಿ. ಸೇರಿ, ಚಿಲ್ಲರೆ ಕೂಡಿಸಿ 1,943 ರೂಪಾಯಿ. ಸರ್ವಿಸ್ ಚಾರ್ಜ್ ಹಾಕಿರಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದಾರೆ.

"ಸಸ್ತಾ ಆಯ್ತಪ್ಪಾ" ಎಂದ ಮಗ. ಮಾಲಿಗೆ ಹೋಗಿದ್ದರೆ ಇದರ ಎರಡು ಪಟ್ಟು ಆಗುತ್ತಿತ್ತು ಎಂಬುದು ಅವನ ಲೆಕ್ಕ. ನನ್ನ ಲೆಕ್ಕ ಬೇರೆ. ಇದೇ ಕೆಫೆಯಲ್ಲಿ ಮಧ್ಯಾಹ್ನದ ರೈಸ್ ಪ್ಲೇಟು 190. ರಾತ್ರಿಯ 340ಕ್ಕೆ ಹೆಚ್ಚು ಸಿಕ್ಕಿದ್ದೇನು? ಬೆರಳು ಮಡಚಿ ಎಣಿಸಿದೆ. ಒಂದು ತಂಬುಳಿ, ಒಂದು ಕೋಸಂಬರಿ, ಒಂದು ಪಾಯಸ, ಬಟ್ಟೆಯ ನ್ಯಾಪ್ಕಿನ್. ಕಡಿಮೆ ಆದದ್ದು? ಮಧ್ಯಾಹ್ನವಾದರೆ ಪಲ್ಯ ಎರಡನೇ ಸಲ ಕೇಳದೆ ಬರುತ್ತದೆ, ರಾತ್ರಿ ಸಾಂಬಾರು ಮಾತ್ರ ಎರಡನೇ ಸಲ. ಅಂದರೆ 150 ರೂಪಾಯಿ ಹೆಚ್ಚು ಕೊಟ್ಟು ಸ್ವಲ್ಪ ಕಡಿಮೆಯೇ ಉಂಡ ಹಾಗಾಯಿತು. ಬೆಳಿಗ್ಗೆ 95 ರೂಪಾಯಿಯ ಮಸಾಲೆ ದೋಸೆ ರಾತ್ರಿ 140. ಹಿಟ್ಟು ಅದೇ, ಕಾವಲಿ ಅದೇ.

ಇನ್ನೊಂದು ತಮಾಷೆ ಉಂಟು. ಮೆನುವಿನಲ್ಲಿ 'ಕೋಸ್ಟಲ್ ರೆಡ್ ರೈಸ್ ಬೌಲ್' ಎಂದು ಇತ್ತು, 220 ರೂಪಾಯಿ. ಏನೆಂದು ಕೇಳಿದರೆ, ಕುಚ್ಚಲಕ್ಕಿ ಗಂಜಿ! ಪಕ್ಕದಲ್ಲಿ ಮಾವಿನ ಮಿಡಿ, ತೆಂಗಿನಕಾಯಿ ಚಟ್ನಿ. ನಮ್ಮ ಅಮ್ಮ ಇದ್ದಿದ್ದರೆ "ಗಂಜಿಗೂ ಗತಿ ಇಲ್ಲದವರು ಅಂತ ಇನ್ನು ಯಾರಿಗೂ ಹೇಳುವ ಹಾಗಿಲ್ಲ ಮಾರಾಯ, ಗತಿ ಇದ್ದವರಿಗೇ ಗಂಜಿ" ಎನ್ನುತ್ತಿದ್ದಳೋ ಏನೋ.

ಮನೆಗೆ ಬಂದು, ನಮ್ಮಿಬ್ಬರ ರಾತ್ರಿಯೂಟಕ್ಕೆ ಮನೆಯಲ್ಲಾದರೆ ಎಷ್ಟು ಎಂದು ಬರೆದೆ. ಅಕ್ಕಿ, ಬೇಳೆ, ತರಕಾರಿ, ಗ್ಯಾಸು, ಮೊಸರು ಎಲ್ಲ ಸೇರಿ 130 ದಾಟಲಿಲ್ಲ. ಮನೆಯವಳಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, "ಇದರಲ್ಲಿ ನನ್ನ ಕೂಲಿ ಎಲ್ಲಿ ಬರೆದಿದ್ದೀರಿ?" ಎಂದಳು. ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ಕಾಫಿಗೆ ಹೋದಾಗ ಗಲ್ಲಾದಲ್ಲಿ ಸಣ್ಣ ಧನಿ ಇದ್ದರು. ದೊಡ್ಡ ಧನಿಗಳ ಅಳಿಯ, ಮೂವತ್ತೈದರ ಹುಡುಗ. ದೋಸೆಯ 45 ರೂಪಾಯಿ ವ್ಯತ್ಯಾಸ ಎತ್ತಿದೆ. ಅವನು ನಕ್ಕು ಹೇಳಿದ: "ಮಾಮ, ನೀವು ದೋಸೆಯ ಲೆಕ್ಕ ಮಾಡ್ತೀರಿ, ನಾನು ಕುರ್ಚಿಯ ಲೆಕ್ಕ ಮಾಡ್ಬೇಕು. ಬೆಳಿಗ್ಗೆ ನಾಲ್ಕು ಕುರ್ಚಿಯ ಟೇಬಲ್ಲಿಗೆ ಗಂಟೆಗೆ ಮೂರು ಸಲ ಗಿರಾಕಿ ಬದಲಾಗ್ತಾರೆ. ಗುರುತು ಇಲ್ಲದವರೂ ಎದುರುಬದುರು ಕೂತ್ಕೊಳ್ತಾರೆ. ಹನ್ನೆರಡು ಜನ, ತಲೆಗೆ 120 ಅಂದ್ರೂ 1,440. ನಿನ್ನೆ ನೀವು ಎಷ್ಟು ಹೊತ್ತು ಕೂತಿದ್ರಿ?"

ಒಂದೂವರೆ ಗಂಟೆ ಕೂತಿದ್ದೆವು. ತೆರಿಗೆ ಬಿಟ್ಟು 1,850ನ್ನು ಒಂದೂವರೆಯಿಂದ ಭಾಗಿಸಿದರೆ ಗಂಟೆಗೆ 1,233. ಬೆಳಗಿನ ಗಲಾಟೆಗಿಂತ ನಮ್ಮ ರಾಜಾ ಡಿನ್ನರಿನಿಂದ ಅವನಿಗೆ ಬಂದದ್ದು ಕಡಿಮೆ! ಅದರ ಮೇಲೆ ರಾತ್ರಿ ಪಾಳಿಗೆ ಬೇರೆ ಆರು ಹುಡುಗರು, ಅವರಿಗೆ ಊಟ, ಮಲಗಲು ಜಾಗ, ಎ.ಸಿ.ಯ ಕರೆಂಟು. "ಹಾಗಾದ್ರೆ ಯಾಕೆ ಮಾಡ್ತಿ?" ಎಂದೆ. "ಬಾಡಿಗೆ ಹಗಲಿಗೆ ಬೇರೆ, ರಾತ್ರಿಗೆ ಬೇರೆ ಅಂತ ಉಂಟಾ ಮಾಮ? ಬಾಗಿಲು ಹಾಕಿ ಕೂತ್ರೆ ಸೊನ್ನೆ" ಎಂದ.

ನನಗೆ ಸಮಾಧಾನವಾಯಿತು. 45 ರೂಪಾಯಿ ಹಿಟ್ಟಿನದ್ದಲ್ಲ, ಯಾರೂ ಬಕೆಟ್ಟು ತಂದು ನೀರು ಚೆಲ್ಲದೆ ಇದ್ದದ್ದಕ್ಕೆ. ಬಳಗದಲ್ಲಿ ಬರೆದೆ: 'ಪರವಾಗಿಲ್ಲ, ಹೋಗಬಹುದು.' ಮಾಷ್ಟ್ರಿಗೂ ಹೇಳಿದೆ. ತಪ್ಪಾದದ್ದು ಅಲ್ಲಿ.

ಮಾಷ್ಟ್ರಿಗೆ ಈಗ 82. ಹೆಂಡತಿ ಹೋಗಿ ಹತ್ತು ವರ್ಷ. ಪಕ್ಕದ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಒಬ್ಬರೇ. ಮಧ್ಯಾಹ್ನ ಅದೇ ಕೆಫೆಯ ರೈಸ್ ಪ್ಲೇಟು, ರಾತ್ರಿಗೆ ಹಾಲು, ಎರಡು ಬಾಳೆಹಣ್ಣು. ಕೆಫೆಯಲ್ಲಿ ರಾತ್ರಿಯೂಟ ಸಿಗುತ್ತದೆಂದು ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅವರೇ. ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ಹೋಗಿ ಬಂದ ಮೇಲೆ "ಹೇಗಿತ್ತು?" ಎಂದು ಕೇಳಿದರೆ, "ಮೊಸರನ್ನಕ್ಕೆ ದಾಳಿಂಬೆ ಹಾಕಿದ್ದರು" ಎಂದಷ್ಟೇ ಹೇಳಿದರು. ಮತ್ತೆ ರಾತ್ರಿ ಆ ಕಡೆ ಹೋಗಲಿಲ್ಲ.

ನಡೆದದ್ದನ್ನು ಹೇಳಿದವರು ಹಳೇ ಸಪ್ಲಾಯರು. ಬಾಗಿಲಲ್ಲಿ ಹೊಸ ಹುಡುಗ "ಕಿತ್ನೇ ಲೋಗ್?" ಎಂದು ಕೇಳಿದನಂತೆ. "ಒಬ್ಬನೇ" ಎಂದದ್ದಕ್ಕೆ ಇಪ್ಪತ್ತೈದು ನಿಮಿಷ ಹೊರಗೆ ನಿಲ್ಲಿಸಿದ್ದಾನೆ. ರಾತ್ರಿ ಟೇಬಲ್ ಹಂಚಿಕೊಳ್ಳುವ ಕ್ರಮ ಇಲ್ಲವಲ್ಲ, ಒಬ್ಬರಿಗೆ ನಾಲ್ಕು ಕುರ್ಚಿ ಕೊಡಲು ಮನಸ್ಸು ಬರಲಿಲ್ಲ. ಕೊನೆಗೆ ಕೈತೊಳೆಯುವ ಬೇಸಿನ್ ಪಕ್ಕ ಒಂದು ಸ್ಟೂಲಿನಂಥದ್ದರ ಮೇಲೆ ಕೂರಿಸಿ, 160 ರೂಪಾಯಿಯ ಮೊಸರನ್ನ ಕೊಟ್ಟು, ಎರಡು ಸಲ "ಔರ್ ಕುಛ್?" ಎಂದು ಕೇಳಿದ್ದಾನೆ. "ನಾನು ಒಳಗೆ ಇದ್ದೆ. ಗೊತ್ತಾಗಿದ್ರೆ ನನ್ನ ಮಾಷ್ಟ್ರನ್ನು ಅಲ್ಲಿ ಕೂರಿಸಲಿಕ್ಕೆ ಬಿಡ್ತಿದ್ನಾ?" ಎಂದು ಹೇಳುವಾಗ ಅವರ ದನಿ ನಡುಗುತ್ತಿತ್ತು.

ನಾನು ಸಿಟ್ಟಿನಿಂದ ಮನೆಗೆ ಬಂದು ಕೆಫೆಯವರನ್ನು ಬಯ್ಯತೊಡಗಿದೆ. ಮನೆಯವಳು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಬಯ್ದು ಮುಗಿದ ಮೇಲೆ ಒಂದೇ ಮಾತು ಹೇಳಿದಳು. "ಹತ್ತು ವರ್ಷದಿಂದ ಪಕ್ಕದಲ್ಲೇ ಇದ್ದಾರೆ. ನಾವು ಎಷ್ಟು ಸಲ ರಾತ್ರಿ ಊಟಕ್ಕೆ ಕರೆದಿದ್ದೇವೆ?"

ಗಣೇಶ ಚೌತಿಗೆ ಕರೆದಿದ್ದೆವು. ದೀಪಾವಳಿಗೆ ಒಂದೆರಡು ಸಲ. ಅಷ್ಟೇ. ನನ್ನ ಕೂಪನ್ ಪುಸ್ತಕಕ್ಕೆ ಜಾಮೀನು ನಿಂತವರು! ಬಾಳೆಹಣ್ಣು-ಹಾಲು ಅವರ ಅಭ್ಯಾಸ ಎಂದುಕೊಂಡಿದ್ದೆ. ಅದು ಅಭ್ಯಾಸವಲ್ಲ, ಬೇರೆ ದಾರಿ ಇರಲಿಲ್ಲ. ಕುರ್ಚಿಯ ಲೆಕ್ಕ ಸಣ್ಣ ಧನಿ ಒಬ್ಬನೇ ಮಾಡಿದ್ದಲ್ಲ, ನಾವೂ ಮಾಡಿದ್ದೇವೆ.

ಆ ವಾರದಿಂದ ಗುರುವಾರ ರಾತ್ರಿ ಮಾಷ್ಟ್ರಿಗೆ ನಮ್ಮಲ್ಲೇ ಊಟ. ದಿನಾ ಬನ್ನಿ ಎಂದರೆ ಅವರು ಕೇಳುವವರಲ್ಲ. "ಒಂದು ದಿನ ನೆಂಟ, ದಿನಾ ಬಂದರೆ ಸಾಲಗಾರ" ಎಂದು ನಗುತ್ತಾರೆ. ಉಳಿದ ಆರು ದಿನ?

ಮತ್ತೆ ಸಣ್ಣ ಧನಿಯ ಹತ್ತಿರ ಹೋದೆ, ಜಗಳಕ್ಕಲ್ಲ, ಅವನದೇ ಲೆಕ್ಕ ಹಿಡಿದುಕೊಂಡು. "ನಿನ್ನ ಡಿನ್ನರಿನ ಜನ ಬರುವುದು ಎಷ್ಟು ಗಂಟೆಗೆ?" "ಎಂಟೂವರೆ ಆಗ್ತದೆ." "ಏಳರಿಂದ ಎಂಟರ ವರೆಗೆ?" "ಖಾಲಿ." "ಖಾಲಿ ಕುರ್ಚಿಗೆ ಎಷ್ಟು ಅಂತ ನೀನೇ ಹೇಳಿದ್ದಿ." ಆ ಒಂದು ಗಂಟೆ ಒಂದು ಟೇಬಲ್ಲಿಗೆ ಹಳೇ ಕ್ರಮ ಇರಲಿ, ಯಾರು ಬೇಕಾದರೂ ಯಾರ ಎದುರು ಬೇಕಾದರೂ ಕೂರಲಿ. ಅನ್ನ, ಸಾರು, ಒಂದು ಪಲ್ಯ, ಹಪ್ಪಳ, ಮಜ್ಜಿಗೆ. ಮಧ್ಯಾಹ್ನದ ದರಕ್ಕಿಂತ ಹೆಚ್ಚು ಬೇಡ. ಬೇಸಿನ್ ಪಕ್ಕ ಮಾತ್ರ ಬೇಡ. ಅವನು ತಲೆ ಕೆರೆದುಕೊಂಡ. ಬಾಗಿಲಿನ ಸಂಗತಿಯನ್ನು ಹಳೇ ಸಪ್ಲಾಯರು ಅಷ್ಟರಲ್ಲಿ ಅವನ ಕಿವಿಗೆ ಹಾಕಿದ್ದರು. "150ಕ್ಕೆ ಕೊಡ್ತೇನೆ ಮಾಮ. ದೀಪಾವಳಿ ವರೆಗೆ ನೋಡುವ. ಗಿಟ್ಟದಿದ್ರೆ ನನ್ನನ್ನು ಬಯ್ಬೇಡಿ" ಎಂದ.

ಈಗ ಐದು ವಾರ ಆಯಿತು. ಕಿಟಕಿ ಬದಿಯ ಟೇಬಲ್ಲಿನಲ್ಲಿ ದಿನಾ ಆರೇಳು ಜನ ಆಗುತ್ತಾರೆ. ಮಾಷ್ಟ್ರು, ಒಬ್ಬರು ತಮಿಳು ವಿಧವೆ ಅಜ್ಜಿ, ಎಂಜಿನಿಯರಿಂಗ್ ಓದುವ ಇಬ್ಬರು ಹುಡುಗರು, ಒಬ್ಬ ಗುಜರಾತಿ ಅಂಗಡಿಯವ. ಎಂಟಕ್ಕೆ ಎಲ್ಲರೂ ಏಳುತ್ತಾರೆ, ಬಕೆಟ್ಟು ಬೇಕಾಗುವುದಿಲ್ಲ. ಗಿಟ್ಟುತ್ತದೋ ಇಲ್ಲವೋ ದೀಪಾವಳಿಗೆ ಗೊತ್ತಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ ಉತ್ತರ. 340ರ ಥಾಲಿಗೆ ಹೋಗಬೇಡಿ, ಮಧ್ಯಾಹ್ನ 190ಕ್ಕೆ ಅದಕ್ಕಿಂತ ಚೆನ್ನಾಗಿ ಉಣ್ಣಬಹುದು. 220ರ ಗಂಜಿ ಬೇಡವೇ ಬೇಡ, ಕುಕ್ಕರಿನಲ್ಲಿ ನೀವೇ ಬೇಯಿಸಿಕೊಳ್ಳಿ. ನೀರುದೋಸೆ 120ಕ್ಕೆ ಖಂಡಿತ ಸರಿ, ನಮ್ಮ ಮನೆಯಲ್ಲೂ ಅಷ್ಟು ತೆಳ್ಳಗೆ ಬರುವುದಿಲ್ಲ (ಇದನ್ನು ಮನೆಯವಳು ಓದುವುದಿಲ್ಲ ಎಂಬ ಧೈರ್ಯದಿಂದ ಬರೆದಿದ್ದೇನೆ). ದೂರದಿಂದ ನೆಂಟರು ಬಂದರೆ, ಮಾತು ತುಂಬ ಇದ್ದರೆ, ಎಂಟೂವರೆಗೆ ಹೋಗಿ, ಕುರ್ಚಿಗೆ ಕೊಟ್ಟೆ ಎಂದುಕೊಂಡು ಕೊಡಿ. ಒಬ್ಬರೇ ಇದ್ದರೆ ಏಳಕ್ಕೆ ಹೋಗಿ.

ನಿನ್ನೆ ನಾನೂ ಏಳಕ್ಕೆ ಹೋಗಿ ಮಾಷ್ಟ್ರ ಎದುರು ಕೂತಿದ್ದೆ. ಬಿಲ್ಲಿಗೆ ಕೈ ಹಾಕಿದರೆ ಕೈ ತಳ್ಳಿ, ತಮ್ಮ 150ನ್ನು ಎಣಿಸಿ ಇಟ್ಟರು. "ಸಾರಿಗೆ ಉಪ್ಪು ಸ್ವಲ್ಪ ಕಡಿಮೆ" ಎಂದರು. ಮತ್ತೆ ಹಳೇ ಸಪ್ಲಾಯರ ಕಡೆ ತಿರುಗಿ, ರಾತ್ರಿ ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ, "ಇನ್ನೊಂದು ಹಪ್ಪಳ ತಾ ಮಾರಾಯ" ಎಂದರು. ಒಂದೇ ಹಪ್ಪಳ ಎಂಬುದು ಕರಾರು. ಅವರು ಎರಡು ತಂದರು.